ಮನೆಯ ಪಿಎಸ್5 ಕೈಯಲ್ಲಿ: ರಿಮೋಟ್ ಪ್ಲೇ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ನಮ್ಮ ಮನೆಯಲ್ಲಿ ಟಿವಿ ಒಂದೇ. ಸಂಜೆ ಏಳರಿಂದ ಹತ್ತರವರೆಗೆ ಅದು ಅಮ್ಮನ ಧಾರಾವಾಹಿಗಳಿಗೆ ಮೀಸಲು. ಪಿಎಸ್5, ಅಂದರೆ ಸೋನಿಯ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್, ಇರುವುದು ಅದೇ ಟಿವಿಯ ಕೆಳಗೆ. ನಾನು ವಾರದಲ್ಲಿ ಐದು ದಿನ ಬೆಂಗಳೂರಿನ ಪಿಜಿಯಲ್ಲಿರುತ್ತೇನೆ. ಆದರೂ ಹೆಚ್ಚುಕಡಿಮೆ ದಿನಾ ರಾತ್ರಿ ಅದೇ ಪಿಎಸ್5ನಲ್ಲಿ ಸ್ವಲ್ಪ ಹೊತ್ತು ಆಡುತ್ತೇನೆ. ಇದನ್ನು ನೋಡಿದ ಗೆಳೆಯರು, ನೆಂಟರ ಮಕ್ಕಳು, ಆಫೀಸಿನವರು ಕೇಳಿದ್ದನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಹೆಚ್ಚಿನದು ಪ್ಲೇಸ್ಟೇಷನ್ ಬಗ್ಗೆ, ಯಾಕೆಂದರೆ ನಾನು ಬಳಸುವುದು ಅದನ್ನೇ. ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲದಿದ್ದರೆ ಇಷ್ಟು ಮಾಡಿ: ಕೈಯಲ್ಲಿ ಹಿಡಿದು ಆಡುವ ಹ್ಯಾಂಡ್‌ಹೆಲ್ಡ್ ಸಾಧನಕ್ಕೆ ದುಡ್ಡು ಹಾಕುವ ಮೊದಲು ಪಿಎಸ್5ನಿಂದ ರೂಟರ್‌ಗೆ ಒಂದು ಲ್ಯಾನ್ ಕೇಬಲ್ ಎಳೆಯಿರಿ.

ರಿಮೋಟ್ ಪ್ಲೇ ಅಂದರೆ ಏನು? ಗೇಮ್ ಎಲ್ಲಿ ಓಡುತ್ತದೆ?

ಗೇಮ್ ಓಡುವುದು ಮನೆಯ ಕನ್ಸೋಲ್‌ನಲ್ಲೇ. ನಿಮ್ಮ ಕೈಯಲ್ಲಿರುವುದು ಪರದೆ ಮತ್ತು ಬಟನ್‌ಗಳು ಮಾತ್ರ. ಪಿಎಸ್5 ಒಂದೊಂದು ಚಿತ್ರವನ್ನೂ ತಯಾರಿಸಿದ ಕೂಡಲೇ ವಿಡಿಯೊ ಆಗಿ ಕುಗ್ಗಿಸುತ್ತದೆ. ಅದನ್ನು ಚೂರು ಚೂರು ಮಾಡಿ ನೆಟ್‌ವರ್ಕ್‌ನಲ್ಲಿ ಕಳಿಸುತ್ತದೆ. ಕೈಲಿರುವ ಸಾಧನ ಅದನ್ನು ಬಿಚ್ಚಿ ತೋರಿಸುತ್ತದೆ. ನೀವು ಒತ್ತಿದ ಬಟನ್‌ನ ಸುದ್ದಿ ಅದೇ ದಾರಿಯಲ್ಲಿ ವಾಪಸ್ ಹೋಗುತ್ತದೆ. ಇದೆಲ್ಲ ಸೆಕೆಂಡಿಗೆ 60 ಸಲ ಆಗಬೇಕು. ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಬರೀ 16.7 ಮಿಲಿಸೆಕೆಂಡ್.

ಯೂಟ್ಯೂಬ್ ಚೆನ್ನಾಗಿ ಓಡುತ್ತೆ, ಇದ್ಯಾಕೆ ಓಡಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಯೂಟ್ಯೂಬ್ ಮುಂದಿನ ಅರ್ಧ ನಿಮಿಷದ ವಿಡಿಯೊವನ್ನು ಮೊದಲೇ ತಂದು ಇಟ್ಟುಕೊಳ್ಳಬಹುದು. ನಡುವೆ ನೆಟ್ ಒಂದು ಕ್ಷಣ ತಡವರಿಸಿದರೂ ನಮಗೆ ಗೊತ್ತಾಗುವುದಿಲ್ಲ. ಗೇಮ್‌ನಲ್ಲಿ ಹಾಗೆ ಆಗಲ್ಲ. ಮುಂದಿನ ಚಿತ್ರ ಹೇಗಿರಬೇಕು ಅನ್ನುವುದು ನೀವು ಈಗ ಒತ್ತುವ ಬಟನ್ ಮೇಲೆ ನಿಂತಿದೆ. ಮೊದಲೇ ತಂದಿಡೋಕೆ ಅಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಇಲ್ಲಿ ಬೇಕಾಗಿರುವುದು ಭಾರೀ ವೇಗವಲ್ಲ, ತಡವರಿಸದ ವೇಗ.

ಇದು ಈಗ ಬಂದಿದ್ದಾ?

ಅಲ್ಲ. 2006ರಲ್ಲಿ ಪಿಎಸ್3 ಬಂದಾಗಲೇ ಅದನ್ನು ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿ ಜೊತೆ ಜೋಡಿಸುವ ರಿಮೋಟ್ ಪ್ಲೇ ಇತ್ತು. ಆದರೆ ಅದಕ್ಕೆ ಹೊಂದುವ ಗೇಮ್‌ಗಳು ಬೆರಳೆಣಿಕೆಯಷ್ಟು. ನಿಜವಾಗಿ ಕೆಲಸಕ್ಕೆ ಬಂದಿದ್ದು 2013ರಲ್ಲಿ, ಪಿಎಸ್4 ಮತ್ತು ಪಿಎಸ್ ವೀಟಾ ಜೋಡಿಯಲ್ಲಿ. ವೀಟಾ ಪರದೆ 5 ಇಂಚಿನದು, 960x544. ಅಷ್ಟು ಪುಟ್ಟ ಪರದೆಯಲ್ಲಿ ಹೆಚ್ಚುಕಡಿಮೆ ಎಲ್ಲಾ ಪಿಎಸ್4 ಗೇಮ್‌ಗಳೂ ಓಡುತ್ತಿದ್ದವು. ಎಲ್2, ಆರ್2 ಬಟನ್‌ಗಳೇ ಅದರಲ್ಲಿ ಇರಲಿಲ್ಲ. ಹಿಂಭಾಗದ ಟಚ್‌ಪ್ಯಾಡನ್ನು ಮುಟ್ಟಿ ಆಡಬೇಕಿತ್ತು.

2016ರಲ್ಲಿ ಕಂಪ್ಯೂಟರ್‌ಗೆ ಬಂತು. 2019ರಲ್ಲಿ ಐಫೋನ್‌ಗೂ ಎಲ್ಲಾ ಆಂಡ್ರಾಯ್ಡ್ ಫೋನ್‌ಗಳಿಗೂ ಬಂತು. 2023ರ ನವೆಂಬರ್‌ನಲ್ಲಿ ಇದಕ್ಕೆಂದೇ ಮಾಡಿದ ಪ್ಲೇಸ್ಟೇಷನ್ ಪೋರ್ಟಲ್ ಬಂತು. ನಮ್ಮ ದೇಶದಲ್ಲಿ ಅದರ ಮಾರಾಟ ಶುರುವಾಗಿದ್ದು 2024ರ ಸೆಪ್ಟೆಂಬರ್ 3ರಂದು, 18,990 ರೂಪಾಯಿಗೆ.

ಇದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕಾ?

ಬೇಡ. ರಿಮೋಟ್ ಪ್ಲೇಗೆ ಪಿಎಸ್ ಪ್ಲಸ್, ಅಂದರೆ ಸೋನಿಯ ಚಂದಾ ಸೇವೆ, ಬೇಕಿಲ್ಲ. ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡುವ ಗೇಮ್ ಆದರೆ ಟಿವಿಯಲ್ಲಿ ಆಡುವಾಗ ಏನು ಬೇಕೋ ಇಲ್ಲೂ ಅದೇ ಬೇಕು.

ಇಲ್ಲಿ ಒಂದು ಗೊಂದಲ ಆಗುತ್ತದೆ. ರಿಮೋಟ್ ಪ್ಲೇ ಬೇರೆ, ಕ್ಲೌಡ್ ಸ್ಟ್ರೀಮಿಂಗ್ ಬೇರೆ. ಕ್ಲೌಡ್‌ನಲ್ಲಿ ಗೇಮ್ ಓಡುವುದು ಕಂಪನಿಯ ಸರ್ವರ್‌ನಲ್ಲಿ. ಮನೆಯಲ್ಲಿ ಕನ್ಸೋಲ್ ಇರಬೇಕು ಅಂತಲೂ ಇಲ್ಲ. ಅದು ಸಿಗುವುದು ಪಿಎಸ್ ಪ್ಲಸ್‌ನ ಪ್ರೀಮಿಯಂ ಶ್ರೇಣಿಯಲ್ಲಿ. 2022ರಲ್ಲಿ ಈ ಶ್ರೇಣಿಗಳು ಬಂದಾಗ ನಮ್ಮ ದೇಶಕ್ಕೆ ಪ್ರೀಮಿಯಂ ಬದಲು ಡಿಲಕ್ಸ್ ಕೊಟ್ಟರು. ಅದರಲ್ಲಿ ಕ್ಲೌಡ್ ಸ್ಟ್ರೀಮಿಂಗ್ ಇರಲಿಲ್ಲ. ವಿದೇಶಿ ಯೂಟ್ಯೂಬ್ ವಿಡಿಯೊ ನೋಡಿ 'ಪೋರ್ಟಲ್ ತಗೊಂಡರೆ ಪಿಎಸ್5 ಬೇಕಾಗಿಲ್ಲ' ಅಂದುಕೊಂಡವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ನಂಬಿ ಕೊಳ್ಳಬೇಡಿ. ನಿಮ್ಮ ಅಕೌಂಟ್‌ನಲ್ಲಿ ಏನು ಸಿಗುತ್ತದೆ ಅಂತ ಮೊದಲು ನೋಡಿಕೊಳ್ಳಿ.

ಪೋರ್ಟಲ್ ತಗೊಳ್ಳಲಾ, ಫೋನೇ ಸಾಕಾ?

ಮೊದಲ ಒಂದು ತಿಂಗಳು ಫೋನ್ ಸಾಕು. ಪಿಎಸ್ ರಿಮೋಟ್ ಪ್ಲೇ ಆ್ಯಪ್ ಉಚಿತ. ಪಿಎಸ್5 ಜೊತೆ ಬಂದ ಡುಯಲ್‌ಸೆನ್ಸ್ ಕಂಟ್ರೋಲರನ್ನೇ ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸಬಹುದು. ಫೋನನ್ನು ಯಾವುದಕ್ಕಾದರೂ ಒರಗಿಸಿ ನಿಲ್ಲಿಸಿದರೆ ಆಯಿತು. ನಿಮ್ಮ ಮನೆಯ ನೆಟ್‌ವರ್ಕ್ ಇದಕ್ಕೆ ತಕ್ಕಂತಿದೆಯಾ ಅನ್ನುವುದು ಖರ್ಚಿಲ್ಲದೆ ಗೊತ್ತಾಗುತ್ತದೆ. ಫೋನಿನಲ್ಲಿ ಚಿತ್ರ ಒಡೆಯುತ್ತಿದ್ದರೆ ಪೋರ್ಟಲ್‌ನಲ್ಲೂ ಒಡೆಯುತ್ತದೆ. ಸಾಧನ ಬದಲಾದರೆ ನೆಟ್‌ವರ್ಕ್ ಬದಲಾಗುವುದಿಲ್ಲ, ಅಲ್ವಾ?

ತಿಂಗಳಾದ ಮೇಲೂ ದಿನಾ ಆಡುತ್ತಿದ್ದೀರಿ ಅಂದರೆ ಆಗ ಪೋರ್ಟಲ್ ಬಗ್ಗೆ ಯೋಚಿಸಿ. ನನಗೆ ಅದು ತುಂಬಾ ಇಷ್ಟವಾಗಿದೆ. 8 ಇಂಚಿನ 1080ಪಿ ಪರದೆ. ಎರಡೂ ಪಕ್ಕದಲ್ಲಿ ಡುಯಲ್‌ಸೆನ್ಸ್‌ನ ಎರಡು ಭಾಗಗಳು. ಬಿಲ್ಲಿನ ಹಗ್ಗ ಎಳೆದಾಗ ಟ್ರಿಗರ್ ಬಿಗಿಯಾಗುವುದು, ಮಳೆ ಬಿದ್ದಾಗ ಅಂಗೈಯಲ್ಲಿ ಸಣ್ಣಗೆ ಕಂಪಿಸುವುದು, ಎಲ್ಲವೂ ಇದೆ. ಮಲಗಿಕೊಂಡು ಆಡುವಾಗ ಭಾರ ಅನಿಸುವುದಿಲ್ಲ. ಕೊರತೆಯೂ ಇದೆ: ನೆಟ್ ಇಲ್ಲದಿದ್ದರೆ ಅದರಲ್ಲಿ ಏನೂ ಆಡಲಾಗುವುದಿಲ್ಲ. ಅದು ಪಿಎಸ್5 ಜೊತೆ ಮಾತ್ರ ಕೂಡುತ್ತದೆ, ಪಿಎಸ್4 ಜೊತೆ ಇಲ್ಲ. ವೈಫೈ 5ರವರೆಗೆ ಮಾತ್ರ ಹೋಗುತ್ತದೆ. ಬ್ಲೂಟೂತ್ ಇಲ್ಲ. ಅದರ ವಿಷಯ ಮುಂದೆ ಹೇಳುತ್ತೇನೆ.

ಫೋನನ್ನು ನಡುವೆ ಸಿಕ್ಕಿಸುವ, ಎಳೆದರೆ ಅಗಲವಾಗುವ ಕಂಟ್ರೋಲರ್‌ಗಳೂ ಸಿಗುತ್ತವೆ. ಪ್ರಯಾಣ ಜಾಸ್ತಿ ಇರುವವರಿಗೆ ಅದೇ ಅನುಕೂಲ. ಜೇಬಿನಲ್ಲಿ ಹಿಡಿಯುತ್ತದೆ. ಫೋನಿನ ಸಿಮ್ ಡೇಟಾವನ್ನೇ ನೇರವಾಗಿ ಬಳಸಬಹುದು.

ಪಿಎಸ್5ನಲ್ಲಿ ಏನೇನು ಆನ್ ಮಾಡಬೇಕು?

ಮೆನು ಕನ್ನಡದಲ್ಲಿಲ್ಲ, ಹಾಗಾಗಿ ಅಲ್ಲಿ ಕಾಣುವ ಹೆಸರನ್ನೇ ಬರೆಯುತ್ತೇನೆ. ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಂ, ಅದರೊಳಗೆ ರಿಮೋಟ್ ಪ್ಲೇ. ಅಲ್ಲಿ 'ಎನೇಬಲ್ ರಿಮೋಟ್ ಪ್ಲೇ' ಆನ್ ಮಾಡಿ.

ಆಮೇಲೆ ಅದೇ ಸಿಸ್ಟಂನಲ್ಲಿ ಪವರ್ ಸೇವಿಂಗ್‌ಗೆ ಹೋಗಿ. ರೆಸ್ಟ್ ಮೋಡ್‌ನಲ್ಲಿ, ಅಂದರೆ ಪಿಎಸ್5 ಪೂರ್ತಿ ಆಫ್ ಆಗದೆ ಮಲಗಿರುವಾಗ, ಏನೇನು ಇರಬೇಕು ಅನ್ನುವ ಪಟ್ಟಿ ಸಿಗುತ್ತದೆ. ಅದರಲ್ಲಿ 'ಸ್ಟೇ ಕನೆಕ್ಟೆಡ್ ಟು ದಿ ಇಂಟರ್‌ನೆಟ್' ಮತ್ತು 'ಎನೇಬಲ್ ಟರ್ನಿಂಗ್ ಆನ್ ಪಿಎಸ್5 ಫ್ರಂ ನೆಟ್‌ವರ್ಕ್' ಎರಡನ್ನೂ ಆನ್ ಮಾಡಿ. ಎರಡನೆಯದನ್ನು ಮರೆತರೆ ಮಲಗಿರುವ ಪಿಎಸ್5 ಅನ್ನು ದೂರದಿಂದ ಎಬ್ಬಿಸಲು ಆಗುವುದಿಲ್ಲ. 'ನನ್ನದು ಕನೆಕ್ಟ್ ಆಗ್ತಿಲ್ಲ' ಅಂತ ಫೋನ್ ಮಾಡುವವರಿಗೆ ನಾನು ಮೊದಲು ಕೇಳುವುದು ಇದನ್ನೇ.

ಕೈಸಾಧನದಲ್ಲೂ ಪಿಎಸ್5ನಲ್ಲೂ ಒಂದೇ ಪಿಎಸ್‌ಎನ್ (ಪ್ಲೇಸ್ಟೇಷನ್ ನೆಟ್‌ವರ್ಕ್) ಅಕೌಂಟ್ ಇರಬೇಕು. ಮೊದಲ ಸಲದ ಜೋಡಣೆಯನ್ನು ಮನೆಯಲ್ಲೇ ಮಾಡಿ, ಅದೇ ವೈಫೈನಲ್ಲಿ ಹತ್ತು ನಿಮಿಷ ಆಡಿ ನೋಡಿ. ಊರು ಬಿಟ್ಟ ಮೇಲೆ ಸರಿ ಮಾಡೋಣ ಅಂದರೆ ಕಷ್ಟ.

ನಮ್ಮನೇಲಿ 200 ಎಂಬಿಪಿಎಸ್ ಇದೆ. ಆದರೂ ಚಿತ್ರ ಒಡೆಯುತ್ತೆ, ಯಾಕೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಉತ್ತರವೂ ಉದ್ದ.

ರಿಮೋಟ್ ಪ್ಲೇಗೆ ಕನಿಷ್ಠ 5 ಎಂಬಿಪಿಎಸ್ ಬೇಕು, 15 ಇದ್ದರೆ ಒಳ್ಳೆಯದು ಅಂತ ಸೋನಿಯೇ ಹೇಳುತ್ತದೆ. 200ರ ಮುಂದೆ 15 ಯಾವ ಲೆಕ್ಕ? ಅದೂ ಅಲ್ಲದೆ ಮನೆಯೊಳಗೇ ಆಡುವಾಗ ವಿಡಿಯೊ ಹೊರಗಿನ ಇಂಟರ್‌ನೆಟ್‌ಗೆ ಹೋಗುವುದೇ ಇಲ್ಲ. ಪಿಎಸ್5ನಿಂದ ರೂಟರ್, ರೂಟರ್‌ನಿಂದ ನಿಮ್ಮ ಕೈ. ಅಷ್ಟೇ ದಾರಿ. ಪ್ಲಾನ್ ದೊಡ್ಡದು ಮಾಡಿಸಿದರೂ ಆ ದಾರಿ ಅಗಲವಾಗುವುದಿಲ್ಲ.

ತೊಂದರೆ ಇರುವುದು ವೈಫೈನಲ್ಲಿ. ವೈಫೈನಲ್ಲಿ ಒಂದು ಚಾನಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಮನೆಯ ಫೋನ್‌ಗಳು, ಟಿವಿ ಬಾಕ್ಸ್, ಪಕ್ಕದ ಮನೆಯ ರೂಟರ್, ಎಲ್ಲರೂ ಸರದಿಯಲ್ಲಿ ನಿಂತಿರುತ್ತಾರೆ. ಪಿಎಸ್5 ಕೂಡ ವೈಫೈನಲ್ಲಿದ್ದರೆ ಅದು ಕಳಿಸಿದ ಪ್ರತಿ ಚೂರೂ ಎರಡು ಸಲ ಗಾಳಿಯಲ್ಲಿ ಹೋಗಬೇಕು. ಒಮ್ಮೆ ರೂಟರ್‌ವರೆಗೆ, ಇನ್ನೊಮ್ಮೆ ನಿಮ್ಮ ಕೈವರೆಗೆ. ಎರಡು ಸಲ ಸರದಿ ಕಾಯಬೇಕು. ಪಿಎಸ್5ಗೆ ಕೇಬಲ್ ಹಾಕಿದ ಕೂಡಲೇ ಆ ಕಾಯುವಿಕೆಯಲ್ಲಿ ಅರ್ಧ ಹೋಗುತ್ತದೆ. ಕ್ಯಾಟ್ 5ಇ ಆಗಲಿ ಕ್ಯಾಟ್ 6 ಆಗಲಿ, ಯಾವುದಾದರೂ ನಡೆಯುತ್ತದೆ. ಚಪ್ಪಟೆ ಕೇಬಲ್ ಆದರೆ ಬಾಗಿಲ ಸಂದಿಯಲ್ಲೂ ತೂರುತ್ತದೆ.

ನಮ್ಮ ಮನೆಯಲ್ಲಿ ಆಗಿದ್ದು ಹೇಳುತ್ತೇನೆ. ಫೈಬರ್ ಹಾಕಲು ಬಂದವರು ರೂಟರನ್ನು ರೂಮಿನ ಮೂಲೆಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ ಗೋಡೆಗೆ ಹೊಡೆದು ಹೋಗಿದ್ದರು. ಕಣ್ಣಿಗೆ ಕಾಣುವುದಿಲ್ಲ, ನೀಟಾಗಿದೆ ಅಂತ ನಾವೂ ಸುಮ್ಮನಿದ್ದೆವು. ಮಂಚದ ಮೇಲೆ ಕೂತು ಆಡಿದರೆ ಎರಡು ನಿಮಿಷಕ್ಕೊಮ್ಮೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಒಂದು ಭಾನುವಾರ ನಾನೂ ಅಪ್ಪನೂ ಸೇರಿ ಬೀರುವನ್ನು ಒಂದೂವರೆ ಅಡಿ ಪಕ್ಕಕ್ಕೆ ತಳ್ಳಿದೆವು. ಒಳಗಿನ ಸೀರೆ ಇಳಿಸದೆ ತಳ್ಳಿದ್ದಕ್ಕೆ ಅಮ್ಮನ ಹತ್ತಿರ ಬೈಸಿಕೊಂಡೆವು. ಅದೇ ಮಂಚ, ಅದೇ ಗೇಮ್, ಚಿತ್ರ ಒಡೆಯುವುದು ಮುಕ್ಕಾಲು ಪಾಲು ನಿಂತಿತು. ಬೀರುವಿನ ಬಾಗಿಲು ಅಂದರೆ ಆರು ಅಡಿ ಎತ್ತರದ ಲೋಹದ ಹಾಳೆ. ಸಿಗ್ನಲ್ ಅದನ್ನು ತೂರಿಕೊಂಡು ಹೋಗುವುದಿಲ್ಲ. ಉಳಿದ ಕಾಲು ಪಾಲು ನಿಂತಿದ್ದು ಮರುವಾರ, ಗೋಡೆಯ ಬುಡದಲ್ಲಿ ಕ್ಲಿಪ್ ಹೊಡೆದುಕೊಂಡು ಹಾಲ್‌ವರೆಗೆ ಕೇಬಲ್ ಎಳೆದಾಗ.

ಇನ್ನೊಂದು, ಬ್ಯಾಂಡ್. 2.4 ಗಿಗಾಹರ್ಟ್ಜ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟ್‌ನಲ್ಲಿ ಇಪ್ಪತ್ತು ರೂಟರ್‌ಗಳು ಈ ಮೂರನ್ನೇ ಹಂಚಿಕೊಳ್ಳುತ್ತವೆ. ಮೈಕ್ರೋವೇವ್ ಓವನ್ ಗಲಾಟೆ ಮಾಡುವುದೂ ಇದೇ ಬ್ಯಾಂಡ್‌ನಲ್ಲಿ. 5 ಗಿಗಾಹರ್ಟ್ಜ್‌ನಲ್ಲಿ ಜಾಗ ಜಾಸ್ತಿ. ಆದರೆ ಅದು ಗೋಡೆ ದಾಟುವುದರಲ್ಲಿ ಸೋಲುತ್ತದೆ. ಕರಾವಳಿಯ ಕೆಂಪು ಕಲ್ಲಿನ ಗೋಡೆ, ಮಲೆನಾಡಿನ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ ಇದ್ದರೆ ಪಕ್ಕದ ಕೋಣೆಗೇ ಸಿಗ್ನಲ್ ಸೊರಗುತ್ತದೆ. ಅಂಥ ಮನೆಯಲ್ಲಿ ಆಡುವ ಕೋಣೆಗೆ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್ (ವೈಫೈ ಕೊಡುವ ಪೆಟ್ಟಿಗೆ) ಇಡಿ, ಆದರೆ ಅದಕ್ಕೂ ರೂಟರ್‌ನಿಂದ ಕೇಬಲ್ಲೇ ಹೋಗಲಿ. ಗಾಳಿಯಲ್ಲೇ ಸಿಗ್ನಲ್ ಹಿಡಿದು ಗಾಳಿಯಲ್ಲೇ ದಾಟಿಸುವ ರಿಪೀಟರ್ ಇಟ್ಟರೆ ಮತ್ತೆ ಅದೇ ಎರಡೆರಡು ಸರದಿ.

ರೂಟರ್‌ನಲ್ಲಿ ಎರಡೂ ಬ್ಯಾಂಡ್‌ಗೆ ಬೇರೆ ಬೇರೆ ಹೆಸರು ಕೊಡಿ. ಹ್ಯಾಂಡ್‌ಹೆಲ್ಡ್ ತಾನಾಗಿ 2.4ಕ್ಕೆ ಜಾರುವುದು ತಪ್ಪುತ್ತದೆ.

ಲ್ಯಾಗ್, ಅಂದರೆ ತಡ, ಎಷ್ಟಿದೆ ಅಂತ ಅಳೆಯೋದು ಹೇಗೆ?

ನಿಮ್ಮ ಫೋನಿನ ಸ್ಲೋ ಮೋಷನ್ ಕ್ಯಾಮೆರಾ ಸಾಕು. ಟಿವಿ ಆನ್ ಮಾಡಿ ಪಿಎಸ್5 ಚಿತ್ರ ಅಲ್ಲೂ ಬರುವಂತೆ ಮಾಡಿ. ಹ್ಯಾಂಡ್‌ಹೆಲ್ಡನ್ನು ಟಿವಿ ಮುಂದೆ ಹಿಡಿಯಿರಿ. ಎರಡೂ ಪರದೆ ಒಂದೇ ಚೌಕಟ್ಟಿನಲ್ಲಿ ಕಾಣಬೇಕು. ಸೆಕೆಂಡಿಗೆ 240 ಫ್ರೇಮ್‌ನಲ್ಲಿ ರೆಕಾರ್ಡ್ ಮಾಡಿಸಿ, ಪಾತ್ರವನ್ನು ಒಮ್ಮೆ ಜಿಗಿಸಿ. ಆಮೇಲೆ ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ನೋಡಿ. ಟಿವಿಯಲ್ಲಿ ಪಾತ್ರದ ಕಾಲು ನೆಲ ಬಿಟ್ಟ ಫ್ರೇಮ್ ಯಾವುದು, ಕೈಲಿರುವ ಪರದೆಯಲ್ಲಿ ಬಿಟ್ಟಿದ್ದು ಯಾವುದು, ಎಣಿಸಿ. ಒಂದು ಫ್ರೇಮ್ ಅಂದರೆ ಸುಮಾರು 4.2 ಮಿಲಿಸೆಕೆಂಡ್. 12 ಫ್ರೇಮ್ ವ್ಯತ್ಯಾಸ ಬಂದರೆ 50 ಮಿಲಿಸೆಕೆಂಡ್.

ಟಿವಿಯೂ ತನ್ನದೇ ತಡ ಮಾಡುತ್ತದೆ, ಹಾಗಾಗಿ ಇದು ಪಕ್ಕಾ ಲೆಕ್ಕವಲ್ಲ. ಟಿವಿಗಿಂತ ಎಷ್ಟು ಹಿಂದೆ ಅಂತ ತಿಳಿಯುತ್ತದೆ, ಅಷ್ಟು ಸಾಕು. ಹತ್ತು ಸಲ ಜಿಗಿಸಿ ನೋಡಿ. ಹತ್ತರಲ್ಲೂ ಹತ್ತಿರಹತ್ತಿರದ ಸಂಖ್ಯೆ ಬಂದರೆ ಕೈ ಅದಕ್ಕೆ ಹೊಂದಿಕೊಳ್ಳುತ್ತದೆ. ಒಮ್ಮೆ 12, ಒಮ್ಮೆ 40 ಅಂತ ಬಂದರೆ ಯಾರ ಕೈಯೂ ಹೊಂದಿಕೊಳ್ಳುವುದಿಲ್ಲ. ಕೇಬಲ್ ಹಾಕುವ ಮೊದಲು ಒಂದು ಸಲ, ಹಾಕಿದ ಮೇಲೆ ಒಂದು ಸಲ ಹೀಗೆ ಎಣಿಸಿ ನೋಡಿ.

ಯಾವ ಗೇಮ್‌ಗೆ ಇದು ಸರಿ ಹೋಗುತ್ತೆ?

ಕಥೆ ಇರುವ ಗೇಮ್‌ಗಳು, ಸರದಿಯಲ್ಲಿ ಹೊಡೆದಾಡುವ ಆರ್‌ಪಿಜಿಗಳು, ತೋಟ ಮಾಡುವ, ಊರು ಕಟ್ಟುವ, ಒಗಟು ಬಿಡಿಸುವ ಗೇಮ್‌ಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಮನೆಯೊಳಗೆ ಕೇಬಲ್ ಹಾಕಿದ ಮೇಲೆ ಆ್ಯಕ್ಷನ್ ಗೇಮ್ ಕೂಡ ಆರಾಮಾಗಿ ಆಡಬಹುದು. ರೇಸಿಂಗ್ ಗೇಮ್‌ನಲ್ಲಿ ತಿರುವಿಗೆ ಸ್ವಲ್ಪ ಮೊದಲೇ ಬ್ರೇಕ್ ಒತ್ತುವ ಅಭ್ಯಾಸ ಬೇಕು, ವಾರದಲ್ಲಿ ಬರುತ್ತದೆ.

ಟೆಕನ್ 8 ತರಹದ ಫೈಟಿಂಗ್ ಗೇಮ್, ಆನ್‌ಲೈನ್ ಶೂಟರ್ ಬೇಡ. ಅಲ್ಲಿ ಒಂದೆರಡು ಫ್ರೇಮ್‌ನಲ್ಲೇ ಸೋಲು ಗೆಲುವು. ನಿಮ್ಮ ರ‍್ಯಾಂಕ್ ಇಳಿಯುತ್ತದೆ, ಮನಸ್ಸೂ ಕೆಡುತ್ತದೆ. ಅದನ್ನು ಟಿವಿ ಮುಂದೆಯೇ ಆಡಿ. ವಿಆರ್ ಹೆಡ್‌ಸೆಟ್ ಬೇಕಾದ ಗೇಮ್‌ಗಳು ಇದರಲ್ಲಿ ಓಡುವುದಿಲ್ಲ.

ಅಕ್ಷರದ ಗಾತ್ರವನ್ನೂ ನೋಡಿಕೊಳ್ಳಿ. ಟಿವಿಗೆಂದು ಮಾಡಿದ ಗೇಮ್‌ನ ಸಣ್ಣ ಅಕ್ಷರ ಫೋನಿನಲ್ಲಿ ಓದಲಾಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ದೊಡ್ಡದು ಮಾಡುವ ಆಯ್ಕೆ ಇದ್ದರೆ ಮೊದಲು ಅದನ್ನು ಮಾಡಿ.

ಮನೆಯಲ್ಲಿ ಚೆನ್ನಾಗಿ ಓಡುತ್ತೆ, ಬೇರೆ ಊರಿಂದ ಕನೆಕ್ಟೇ ಆಗಲ್ಲ. ಯಾಕೆ?

ಹೊರಗಿನಿಂದ ನಿಮ್ಮ ಮನೆ ರೂಟರ್‌ನ ಬಾಗಿಲು ಕಾಣಬೇಕು. ನಮ್ಮಲ್ಲಿ ಬಹಳಷ್ಟು ಇಂಟರ್‌ನೆಟ್ ಕಂಪನಿಗಳು ಒಂದೇ ಹೊರ ವಿಳಾಸವನ್ನು ನೂರಾರು ಮನೆಗಳಿಗೆ ಹಂಚಿರುತ್ತವೆ. ಇದಕ್ಕೆ ಸಿಜಿ-ನ್ಯಾಟ್ ಅನ್ನುತ್ತಾರೆ. ದೊಡ್ಡ ಅಪಾರ್ಟ್‌ಮೆಂಟ್‌ಗೆ ಒಂದೇ ಗೇಟ್ ಇದ್ದು, ಫ್ಲ್ಯಾಟ್ ನಂಬರ್ ಇಲ್ಲದೆ ಪಾರ್ಸೆಲ್ ಬಂದ ಹಾಗೆ. ಕೆಲವು ಸಲ ರಿಮೋಟ್ ಪ್ಲೇ ಉಪಾಯವಾಗಿ ದಾರಿ ಮಾಡಿಕೊಳ್ಳುತ್ತದೆ. ಮನೆ ಕಡೆಯೂ ಆಡುವ ಕಡೆಯೂ ಎರಡೂ ಹೀಗೇ ಇದ್ದರೆ ಹಲವು ಸಲ ಆಗುವುದಿಲ್ಲ.

ಕಂಪನಿಯವರಿಗೆ ಫೋನ್ ಮಾಡಿ ಪಬ್ಲಿಕ್ ಐಪಿ ಅಥವಾ ಸ್ಟ್ಯಾಟಿಕ್ ಐಪಿ, ಅಂದರೆ ನಮ್ಮ ಮನೆಗೇ ಸೇರಿದ ಹೊರ ವಿಳಾಸ, ಕೊಡ್ತೀರಾ ಅಂತ ಕೇಳಿ. ಕೆಲವರು ಸ್ವಲ್ಪ ಹೆಚ್ಚು ದುಡ್ಡಿಗೆ ಕೊಡುತ್ತಾರೆ. ಕಂಪನಿಯ ಪೆಟ್ಟಿಗೆಗೆ ನಿಮ್ಮದೇ ಇನ್ನೊಂದು ರೂಟರ್ ಜೋಡಿಸಿದ್ದರೆ ಕಂಪನಿಯದನ್ನು ಬ್ರಿಡ್ಜ್ ಮೋಡ್‌ಗೆ (ಸುಮ್ಮನೆ ದಾಟಿಸುವ ಕೆಲಸಕ್ಕೆ ಮಾತ್ರ) ಹಾಕಿಸಿ. ಇಲ್ಲವಾದರೆ ಎರಡು ಗೇಟ್ ಆಗುತ್ತದೆ. ಇದರ ಜೊತೆಗೆ ಮನೆಯ ಅಪ್‌ಲೋಡ್ ವೇಗ ನೋಡಿ. ಹೊರಗೆ ಕೂತಾಗ ಮನೆ ವಿಡಿಯೊ ಕಳಿಸುತ್ತಿರುತ್ತದೆ, ಅಂದರೆ ಲೆಕ್ಕಕ್ಕೆ ಬರುವುದು ಡೌನ್‌ಲೋಡ್ ಅಲ್ಲ.

ಹಾಸ್ಟೆಲ್, ಆಫೀಸ್ ವೈಫೈಗಳಲ್ಲಿ ಗೇಮ್ ದಾರಿಗಳನ್ನೇ ಮುಚ್ಚಿರುತ್ತಾರೆ. ಅದಕ್ಕೆ ನಿಮ್ಮ ಫೋನಿನ ಹಾಟ್‌ಸ್ಪಾಟ್ ಒಂದೇ ದಾರಿ. ಹೋಟೆಲ್‌ಗಳಲ್ಲಿ ರೂಮ್ ನಂಬರ್ ಹಾಕಿ ಲಾಗಿನ್ ಆಗುವ ಪುಟ ಬರುತ್ತದಲ್ಲ, ಪೋರ್ಟಲ್ ಮೊದಮೊದಲು ಅದನ್ನು ತೆರೆಯುತ್ತಲೇ ಇರಲಿಲ್ಲ. 2024ರ ಅಪ್‌ಡೇಟ್‌ನಲ್ಲಿ ಸರಿಯಾಯಿತು.

ನಾನು ಅಮೆರಿಕದಲ್ಲಿದ್ದೀನಿ, ಪಿಎಸ್5 ಬೆಂಗಳೂರಿನ ಮನೆಯಲ್ಲಿದೆ. ಆಡಬಹುದಾ?

ಕನೆಕ್ಟ್ ಆಗಬಹುದು. ಆಡಿ ಖುಷಿ ಪಡುವುದು ಕಷ್ಟ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತದೆ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಗೆರೆ ಎಳೆದರೂ 14,000 ಕಿ.ಮೀ. ಹೋಗಿ ಬರಲು 140 ಮಿಲಿಸೆಕೆಂಡ್. ಸಮುದ್ರದ ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ, ನಿಜವಾಗಿ ಇದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತದೆ. ಯಾವ ರೂಟರ್ ತಂದರೂ ಈ ದೂರ ಕಮ್ಮಿಯಾಗುವುದಿಲ್ಲ. ಸರದಿಯ ಗೇಮ್ ಆದರೆ ತಾಳ್ಮೆಯಿಂದ ಆಡಬಹುದು.

ದುಬೈನಲ್ಲಿರುವವರಿಗೆ ಪರಿಸ್ಥಿತಿ ಬೇರೆ. ದೂರ ಸುಮಾರು 2,700 ಕಿ.ಮೀ., ಲೆಕ್ಕದಲ್ಲಿ ಹೋಗಿ ಬರಲು 27 ಮಿಲಿಸೆಕೆಂಡ್. ದಾರಿ ಸುತ್ತುಬಳಸು ಇಲ್ಲದಿದ್ದರೆ ಕಥೆಯ ಗೇಮ್‌ಗಳು ನಡೆಯುತ್ತವೆ. ಕರ್ನಾಟಕದೊಳಗೆ ದೂರ ಒಂದು ವಿಷಯವೇ ಅಲ್ಲ. ಬೆಂಗಳೂರಿಂದ ಬೆಳಗಾವಿಗೆ ಹೋಗಿ ಬರಲು 5 ಮಿಲಿಸೆಕೆಂಡ್. ಅಲ್ಲಿ ತೊಂದರೆ ಬಂದರೆ ಅದು ಮನೆಯೊಳಗಿನದೇ.

ಮನೆಯಲ್ಲಿ ಕರೆಂಟ್ ಹೋದರೆ?

ಆಟ ಅಲ್ಲಿಗೇ ನಿಂತಿತು. ಕರೆಂಟ್ ವಾಪಸ್ ಬಂದರೂ ಪಿಎಸ್5 ತಾನಾಗಿ ರೆಸ್ಟ್ ಮೋಡ್‌ಗೆ ಬರುವುದಿಲ್ಲ. ಪೂರ್ತಿ ಆಫ್ ಆಗಿಯೇ ಇರುತ್ತದೆ. ಆಫ್ ಆಗಿರುವ ಪಿಎಸ್5 ಅನ್ನು ದೂರದಿಂದ ಎಬ್ಬಿಸಲಾಗದು. ಯಾರಾದರೂ ಹೋಗಿ ಬಟನ್ ಒತ್ತಬೇಕು.

ನಮ್ಮನೆಯಲ್ಲಿ ಆ ಕೆಲಸ ಅಪ್ಪನದು. ಮಳೆಗಾಲದಲ್ಲಿ ವಾರಕ್ಕೆರಡು ಸಲ ಫೋನ್ ಮಾಡುತ್ತೇನೆ. 'ಅಪ್ಪಾ, ಟಿವಿ ಕೆಳಗಿನ ಬಿಳೀ ಪೆಟ್ಟಿಗೆ ಬಟನ್ ಒಂದ್ಸಲ ಒತ್ತಿ.' 'ನೀಲಿ ಲೈಟ್ ಬಂತು. ಈಗ ಬೆಳ್ಳಗಾಯ್ತು ಕಣೋ.' 'ಸಾಕು ಅಪ್ಪಾ, ಉಳಿದಿದ್ದು ನಾನು ನೋಡ್ಕೋತೀನಿ.' ಅಲ್ಲಿಂದ ಮುಂದೆ ಎಲ್ಲ ನನ್ನ ಕೈಯಲ್ಲೇ. ಆಟ ಮುಗಿಸಿ ರೆಸ್ಟ್ ಮೋಡ್‌ಗೆ ಹಾಕಿದರೆ ಕಿತ್ತಳೆ ಬಣ್ಣದ ದೀಪ ಉರಿಯುತ್ತದೆ. ಅಪ್ಪ ಈಗ ಮಲಗುವ ಮೊದಲು ಆ ದೀಪ ನೋಡಿ, ಇಲ್ಲದಿದ್ದರೆ ತಾವೇ ನನಗೆ ಮೆಸೇಜ್ ಹಾಕುತ್ತಾರೆ.

ಆಗಾಗ ಕರೆಂಟ್ ಹೋಗುವ ಕಡೆ ರೂಟರ್‌ಗೆ ಒಂದು ಪುಟ್ಟ ಯುಪಿಎಸ್, ಪಿಎಸ್5ಗೆ ಇನ್ವರ್ಟರ್ ಲೈನ್ ಇದ್ದರೆ ನೆಮ್ಮದಿ. ಗೇಮ್ ಸೇವ್ ಆಗುವ ಹೊತ್ತಿಗೆ ಕರೆಂಟ್ ಹೋಗಿ ಸೇವ್ ಫೈಲ್ ಕೆಟ್ಟರೆ ತುಂಬಾ ಬೇಜಾರಾಗುತ್ತದೆ. ಅದಕ್ಕಾದರೂ ಇನ್ವರ್ಟರ್ ಲೈನ್ ಹಾಕಿಸಿ. ಆದರೆ ನಿಮ್ಮ ಇನ್ವರ್ಟರ್ ಎಷ್ಟು ಹೊರುತ್ತದೆ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮೊದಲು ಕೇಳಿ. ಆಡುವಾಗ ಪಿಎಸ್5 ಸುಮಾರು 200 ವ್ಯಾಟ್ ಎಳೆಯುತ್ತದೆ.

ಮೊಬೈಲ್ ಡೇಟಾದಲ್ಲಿ ಆಡಿದರೆ ಎಷ್ಟು ಖಾಲಿಯಾಗುತ್ತೆ?

15 ಎಂಬಿಪಿಎಸ್‌ನಲ್ಲಿ ಗಂಟೆಗೆ 6.75 ಜಿಬಿ. ಗುಣಮಟ್ಟ ಇಳಿಸಿ 5 ಎಂಬಿಪಿಎಸ್‌ನಲ್ಲಿ ಆಡಿದರೆ ಗಂಟೆಗೆ 2.25 ಜಿಬಿ. ದಿನಕ್ಕೆ 2 ಜಿಬಿ ಪ್ಲಾನ್ ಇದ್ದರೆ ಐವತ್ಮೂರು ನಿಮಿಷದಲ್ಲಿ ಮುಗಿಯಿತು. 1.5 ಜಿಬಿ ಆದರೆ ನಲವತ್ತು ನಿಮಿಷ. ಮರುದಿನ ಬೆಳಿಗ್ಗೆ ಆಫೀಸ್ ಕ್ಯಾಬ್ ಬುಕ್ ಮಾಡಲು ಡೇಟಾ ಬೇಕು ಅನ್ನುವುದು ನೆನಪಿರಲಿ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾಗೆ ಕಮ್ಮಿ ಗುಣಮಟ್ಟ ಇಟ್ಟುಕೊಳ್ಳಬಹುದು. ಸಣ್ಣ ಪರದೆಯಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಬಸ್ಸು, ರೈಲಿನಲ್ಲಿ ಆಡಬಹುದಾ?

ನಿಂತಿರುವ ಬಸ್ಸಿನಲ್ಲಿ ಆಡಬಹುದು. ಓಡುವಾಗ ಟವರ್ ಬದಲಾದಾಗಲೆಲ್ಲ ಚಿತ್ರ ನಿಲ್ಲುತ್ತದೆ. ಸಕಲೇಶಪುರ, ಸುಬ್ರಹ್ಮಣ್ಯದ ನಡುವಿನ ರೈಲಿನಲ್ಲಂತೂ ಕೇಳಲೇಬೇಡಿ. ಅಲ್ಲಿ 57 ಸುರಂಗಗಳಿವೆ. ಆ ದಾರಿಯಲ್ಲಿ ಕಿಟಕಿ ಆಚೆ ನೋಡುವುದೇ ಚೆಂದ. ಪ್ರಯಾಣದಲ್ಲೇ ಆಡಬೇಕು ಅನ್ನುವವರಿಗೆ ಗೇಮ್ ತನ್ನೊಳಗೇ ಇಟ್ಟುಕೊಳ್ಳುವ ಸ್ಟೀಮ್ ಡೆಕ್, ಸ್ವಿಚ್ ತರಹದ್ದು ಬೇಕು.

ನಾನು ಆಡುವಾಗ ಮನೆಯವರು ಟಿವಿ ನೋಡಬಹುದಾ?

ಧಾರಾಳವಾಗಿ. ಸೆಟ್‌ಟಾಪ್ ಬಾಕ್ಸ್ ಒಂದು ಎಚ್‌ಡಿಎಂಐನಲ್ಲಿ, ಪಿಎಸ್5 ಇನ್ನೊಂದರಲ್ಲಿ ಇದ್ದರೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಇದನ್ನು ಓದಿದ ಇವತ್ತೇ ಒಂದು ಸೆಟ್ಟಿಂಗ್ ಬದಲಿಸಿ. ಸಿಸ್ಟಂನೊಳಗೆ ಎಚ್‌ಡಿಎಂಐ, ಅಲ್ಲಿ 'ಒನ್-ಟಚ್ ಪ್ಲೇ' ಅಂತ ಇದೆ. ಅದು ಆನ್ ಇದ್ದರೆ ಪಿಎಸ್5 ಎದ್ದಾಗ ಟಿವಿಯನ್ನೂ ತನ್ನ ಕಡೆ ತಿರುಗಿಸಿಕೊಳ್ಳಬಹುದು. ನಾನು ಪಿಜಿಯಿಂದ ಮೊದಲ ಸಲ ಕನೆಕ್ಟ್ ಮಾಡಿದಾಗ ಆಗಿದ್ದು ಅದೇ. ಧಾರಾವಾಹಿಯಲ್ಲಿ ಸೊಸೆ ಬಾಗಿಲು ತೆರೆಯುವ ಹೊತ್ತಿಗೆ ಟಿವಿ ಪಿಎಸ್5ಗೆ ಹಾರಿತು. ಎರಡೇ ನಿಮಿಷದಲ್ಲಿ ಅಮ್ಮನ ಫೋನ್ ಬಂತು.

ಮನೆಯಲ್ಲಿ ಇನ್ನೊಬ್ಬರು ಅದೇ ಹೊತ್ತಿಗೆ ಪಿಎಸ್5ನಲ್ಲಿ ಬೇರೆ ಗೇಮ್ ಆಡಲು ಆಗುವುದಿಲ್ಲ. ಯಂತ್ರ ಒಂದೇ.

ಡಿಸ್ಕ್ ಗೇಮ್ ಓಡುತ್ತಾ? ಸಿನಿಮಾ?

ಡಿಸ್ಕ್ ಡ್ರೈವ್‌ನಲ್ಲಿ ಇದ್ದರೆ ಓಡುತ್ತದೆ. ಭಾನುವಾರ ಸಂಜೆ ಊರು ಬಿಡುವ ಮೊದಲು ಆ ವಾರ ಬೇಕಾದ ಡಿಸ್ಕ್ ಹಾಕಿಟ್ಟು ಬನ್ನಿ. ಬ್ಲೂ-ರೇ ಸಿನಿಮಾಗಳನ್ನು ರಿಮೋಟ್ ಪ್ಲೇಯಲ್ಲಿ ನೋಡಲಾಗುವುದಿಲ್ಲ.

ಬ್ಲೂಟೂತ್ ಇಯರ್‌ಬಡ್ ಹಾಕಬಹುದಾ?

ಫೋನಿಗೆ ಹಾಕಬಹುದು, ಆದರೆ ಶಬ್ದ ಇನ್ನಷ್ಟು ಹಿಂದೆ ಬೀಳುತ್ತದೆ. ಕತ್ತಿ ಬೀಸಿದ ಮೇಲೆ ಸದ್ದು ಬರುತ್ತದೆ. ಪೋರ್ಟಲ್‌ನಲ್ಲಿ ಬ್ಲೂಟೂತ್ ಇಲ್ಲವೇ ಇಲ್ಲ. ಸೋನಿಯದೇ ವೈರ್‌ಲೆಸ್ ವಿಧಾನವಾದ ಪ್ಲೇಸ್ಟೇಷನ್ ಲಿಂಕ್ ಇರುವ ಹೆಡ್‌ಸೆಟ್ ಬೇಕು, ಅದು ದುಬಾರಿ. ಆದರೆ 3.5 ಮಿಲಿಮೀಟರ್ ತೂತು ಇದೆ. ಡ್ರಾಯರ್‌ನಲ್ಲಿ ಬಿದ್ದಿರುವ ಹಳೇ ವೈರ್ ಇಯರ್‌ಫೋನ್ ಹಾಕಿ. ನಾನು ಅದನ್ನೇ ಬಳಸುತ್ತಿದ್ದೇನೆ, ಒಂದಿಷ್ಟೂ ತಡವಿಲ್ಲ.

ಸ್ಟೀಮ್ ಡೆಕ್‌ನಲ್ಲಿ ಪಿಎಸ್5 ಆಡಬಹುದಾ?

ಆಡಬಹುದು. ಚಿಯಾಕಿ ಅನ್ನುವ ಮುಕ್ತ ತಂತ್ರಾಂಶ ಇದೆ, ಅದರ ಈಗಿನ ರೂಪ ಚಿಯಾಕಿ-ಎನ್‌ಜಿ. ಹವ್ಯಾಸಿಗಳು ಸೇರಿ ಮಾಡಿದ್ದು, ಬಹಳ ಶ್ರದ್ಧೆಯಿಂದ ಮಾಡಿದ್ದಾರೆ. ಸೋನಿಯ ಆ್ಯಪ್‌ಗಿಂತ ಇದರಲ್ಲಿ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಕಳಿಸಬೇಕು ಅನ್ನುವಂಥ ಸೆಟ್ಟಿಂಗ್‌ಗಳು ನಿಮ್ಮ ಕೈಗೆ ಜಾಸ್ತಿ ಸಿಗುತ್ತವೆ. ಇದನ್ನು ಜೋಡಿಸುವಾಗ ಪಿಎಸ್5 ತೋರಿಸುವ 8 ಅಂಕಿಯ ಕೋಡ್ ಹಾಕಬೇಕು. ಆ ಕೋಡನ್ನು ಯಾರಿಗೂ ಕಳಿಸಬೇಡಿ. 'ನಾನು ಸೆಟಪ್ ಮಾಡಿಕೊಡ್ತೀನಿ' ಅನ್ನುವ ಅಪರಿಚಿತರಿಗೆ ಪಿಎಸ್‌ಎನ್ ಪಾಸ್‌ವರ್ಡ್ ಕೊಡಬೇಡಿ. ಎರಡು ಹಂತದ ದೃಢೀಕರಣ ಆನ್ ಮಾಡಿಡಿ. ನಿಮ್ಮ ಎಲ್ಲಾ ಗೇಮ್‌ಗಳೂ ಆ ಒಂದು ಅಕೌಂಟ್‌ನಲ್ಲಿವೆ.

ನನ್ನ ಹತ್ತಿರ ಎಕ್ಸ್‌ಬಾಕ್ಸ್ ಇದೆ. ನಿಂಟೆಂಡೊ ಸ್ವಿಚ್?

ಎಕ್ಸ್‌ಬಾಕ್ಸ್‌ನಲ್ಲೂ ರಿಮೋಟ್ ಪ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಫೀಚರ್ಸ್ ಆನ್ ಮಾಡಿ, ಪವರ್ ಆಯ್ಕೆಯಲ್ಲಿ ಸ್ಲೀಪ್ ಇಡಿ. ಕೇಬಲ್ ವಿಷಯ, ಬೀರು ವಿಷಯ ಎಲ್ಲವೂ ಅದಕ್ಕೂ ಹೊಂದುತ್ತದೆ. ಸ್ವಿಚ್ ಹುಟ್ಟಿನಿಂದಲೇ ಹ್ಯಾಂಡ್‌ಹೆಲ್ಡ್, ಅದಕ್ಕೆ ಇದರ ಅಗತ್ಯವೇ ಇಲ್ಲ.

ಆಡಿ ಮುಗಿದ ಮೇಲೆ ಏನು ಮಾಡಬೇಕು?

ಹ್ಯಾಂಡ್‌ಹೆಲ್ಡನ್ನು ಸುಮ್ನೆ ಮಡಿಲಲ್ಲಿಟ್ಟು ಮಲಗಿಬಿಡಬೇಡಿ. ಡಿಸ್‌ಕನೆಕ್ಟ್ ಒತ್ತಿದಾಗ ಪಿಎಸ್5 ಅನ್ನು ರೆಸ್ಟ್ ಮೋಡ್‌ಗೆ ಹಾಕಬೇಕಾ ಅಂತ ಒಂದು ಆಯ್ಕೆ ಬರುತ್ತದೆ. ಅದಕ್ಕೆ ಗುರುತು ಹಾಕಿ. ಇಲ್ಲದಿದ್ದರೆ ಗೇಮ್ ಮನೆಯಲ್ಲಿ ಹಾಗೇ ಓಡುತ್ತಿರುತ್ತದೆ. 200 ವ್ಯಾಟ್ ಲೆಕ್ಕದಲ್ಲಿ ಐದು ಗಂಟೆಗೆ ಒಂದು ಯೂನಿಟ್. ನಾನು ಒಮ್ಮೆ ಮರೆತಾಗ ಬೆಳಿಗ್ಗೆ ಆರಕ್ಕೆ ಅಪ್ಪನ ಮೆಸೇಜ್ ಬಂದಿತ್ತು: 'ಪೆಟ್ಟಿಗೆ ರಾತ್ರಿಯೆಲ್ಲಾ ಬಿಸಿ ಗಾಳಿ ಬಿಡ್ತಿತ್ತು. ಲೈಟ್ ಬಿಳಿ ಇದೆ, ಕಿತ್ತಳೆ ಇಲ್ಲ.'